ಹುಟ್ಟೂರಿನ ತಂಡಕ್ಕೆ ನಾವು ಋಣಿಗಳೇ?

ಪ್ರಶ್ನೆ: ನಮ್ಮೂರಿನಲ್ಲಿ ಒಂದು ಹಳೆಯ ಫುಟ್‌ಬಾಲ್ ಕ್ಲಬ್ ಇದೆ. ಅಪ್ಪ ಅದರ ಕಟ್ಟಾ ಅಭಿಮಾನಿ. ನಾನು ಮಾತ್ರ ಒಂಬತ್ತನೇ ವಯಸ್ಸಿನಲ್ಲಿ ಟಿವಿಯಲ್ಲಿ ಒಂದು ಫೈನಲ್ ನೋಡಿ ದೂರದ ದೊಡ್ಡ ಕ್ಲಬ್ಬೊಂದಕ್ಕೆ ಮನಸೋತೆ. ಇಪ್ಪತ್ತೈದು ವರ್ಷದಿಂದ ಅದೇ ನನ್ನ ತಂಡ, ಅದರ ಸ್ಟೇಡಿಯಂ ಮಾತ್ರ ಒಮ್ಮೆಯೂ ನೋಡಿಲ್ಲ. ಕಳೆದ ಸೀಸನ್‌ನಲ್ಲಿ ಊರಿನ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಆಗಿನಿಂದ ಗೆಳೆಯರು ‘ನೀನು ಪ್ಲಾಸ್ಟಿಕ್ ಅಭಿಮಾನಿ’ ಎಂದು ಛೇಡಿಸುವುದು ಹೆಚ್ಚಾಗಿದೆ, ನನಗೂ ಒಳಗೊಳಗೇ ಚುಚ್ಚುತ್ತಿದೆ. ಹುಟ್ಟೂರಿನ ತಂಡವನ್ನು ಬೆಂಬಲಿಸುವುದು ಕರ್ತವ್ಯವೇ? ಈಗ ತಂಡ ಬದಲಿಸಿದರೆ ಮೋಸ ಆಗುತ್ತದೆಯೇ? ಎರಡನ್ನೂ ಇಟ್ಟುಕೊಳ್ಳಬಹುದೇ? ಏಳು ವರ್ಷದ ಮಗನಿಗೆ ಯಾವ ಜರ್ಸಿ ಕೊಡಿಸಲಿ?

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕರ್ತವ್ಯ ಅಂತ ಏನೂ ಇಲ್ಲ. ತಂಡ ಬದಲಿಸಬೇಡಿ, ಬದಲಿಸಲು ಹೊರಟರೂ ಅದು ಆಗುವ ಕೆಲಸವಲ್ಲ. ಆದರೆ ಊರಿನ ತಂಡದ ಪಂದ್ಯಕ್ಕೆ ಹೋಗಿ, ಟಿಕೆಟ್ ಕೊಂಡು ಹೋಗಿ. ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯ ಇದೆ. ಯಾವ ಅರ್ಧ ಎಂದು ತಿಳಿದರೆ ಚುಚ್ಚುವುದೂ ಕಡಿಮೆಯಾದೀತು.

ಒಂಬತ್ತನೇ ವಯಸ್ಸಿನಲ್ಲಿ ಆದದ್ದಕ್ಕೆ ಈಗ ತಲೆ ತಗ್ಗಿಸಬೇಕಾದ್ದಿಲ್ಲ. ತಂಡವನ್ನು ಯಾರೂ ತೂಗಿ ಅಳೆದು ಆರಿಸುವುದಿಲ್ಲ. ಅಮೆರಿಕದಲ್ಲಿ ಫೇಸ್‌ಬುಕ್ ಮಾಹಿತಿ ಇಟ್ಟುಕೊಂಡು ಬೇಸ್‌ಬಾಲ್ ಅಭಿಮಾನಿಗಳ ಬಗ್ಗೆ ಮಾಡಿದ ಒಂದು ವಿಶ್ಲೇಷಣೆ 2014ರಲ್ಲಿ ಬಂದಿತ್ತು. ಗಂಡುಹುಡುಗರಿಗೆ ಎಂಟರ ಆಸುಪಾಸಿನ ವಯಸ್ಸಿರುವಾಗ ಯಾವ ತಂಡ ಚಾಂಪಿಯನ್ ಆಗುತ್ತದೋ, ದೊಡ್ಡವರಾದ ಮೇಲೂ ಅವರಲ್ಲಿ ಆ ತಂಡದ ಕಡೆ ವಾಲಿದವರು ಎದ್ದು ಕಾಣುವಷ್ಟು ಹೆಚ್ಚು. ಆಟ ಬೇರೆ, ಮನಸ್ಸು ಅದೇ. ಆ ವಯಸ್ಸಿನಲ್ಲಿ ಹಿಡಿದದ್ದು ಸುಲಭಕ್ಕೆ ಬಿಡುವುದಿಲ್ಲ. ನಿಮ್ಮ ಫೈನಲ್ ನಿಮಗೆ ಸಿಕ್ಕಿದ್ದು ಸರಿಯಾಗಿ ಆ ಕಾಲಕ್ಕೆ.

ಟಿವಿ ನೋಡಿ ಅಭಿಮಾನಿಯಾಗುವುದು ಈಚಿನವರ ಚಾಳಿ ಎನ್ನುವವರಿಗೆ ನಾರ್ವೆಯ ಕಥೆ ಹೇಳಬೇಕು. 1969ರ ನವೆಂಬರ್ 29ರಂದು ಅಲ್ಲಿನ ಟಿವಿಯಲ್ಲಿ ಇಂಗ್ಲಿಷ್ ಲೀಗಿನ ಒಂದು ಪಂದ್ಯ ನೇರ ಪ್ರಸಾರವಾಯಿತು, ವುಲ್ವ್ಸ್ ಮತ್ತು ಸಂಡರ್‌ಲ್ಯಾಂಡ್ ನಡುವಿನದು. ವುಲ್ವ್ಸ್ ಒಂದು ಗೋಲಿನಿಂದ ಗೆದ್ದಿತು. ಅಲ್ಲಿಂದ ಮುಂದೆ ಚಳಿಗಾಲದ ಶನಿವಾರ ಬಂತೆಂದರೆ ಮನೆಮಂದಿಯೆಲ್ಲ ಇಂಗ್ಲಿಷ್ ಪಂದ್ಯದ ಮುಂದೆ ಕೂರುವುದು ರೂಢಿಯಾಗಿಬಿಟ್ಟಿತು. ಸಮುದ್ರದಾಚೆಯ ಲಿವರ್‌ಪೂಲನ್ನೋ ಲೀಡ್ಸನ್ನೋ ಅಜ್ಜ ಹಿಡಿದ, ಮಗನಿಗೆ ಕೊಟ್ಟ, ಈಗ ಮೊಮ್ಮಗಳು ಹಿಡಿದಿದ್ದಾಳೆ. ಮೂರು ತಲೆಮಾರು ಒಂದೇ ತಂಡಕ್ಕೆ ಅಂಟಿಕೊಂಡ ಆ ಮನೆಯವರನ್ನು ಪ್ಲಾಸ್ಟಿಕ್ ಎನ್ನುವುದು ಹೇಗೆ? ಅವರು ಕಂಡ ಸೋಲುಗಳ ಪಟ್ಟಿ ಎಷ್ಟೋ ಸ್ಥಳೀಯರದಕ್ಕಿಂತ ಉದ್ದ.

ಇನ್ನು ‘ಹುಟ್ಟೂರು’ ಎನ್ನುವುದೂ ಗೆಳೆಯರು ಹೇಳುವಷ್ಟು ಗಟ್ಟಿ ನೆಲವಲ್ಲ. ಹಳೆಯ ಕ್ಲಬ್ಬುಗಳಲ್ಲಿ ಎಷ್ಟೋ ಹುಟ್ಟಿದ್ದು ಕಾರ್ಖಾನೆಯಲ್ಲಿ, ಚರ್ಚಿನಲ್ಲಿ, ರೈಲ್ವೆ ಷೆಡ್ಡಿನಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ನ್ಯೂಟನ್ ಹೀತ್‌ನ ರೈಲ್ವೆ ನೌಕರರ ತಂಡವಾಗಿತ್ತು, ಇಂದಿನ ಹೆಸರು ಬಂದದ್ದು 1902ರಲ್ಲಿ. ಈಗ ಅದರ ಸ್ಟೇಡಿಯಂ ಇರುವುದು ಟ್ರ್ಯಾಫರ್ಡ್ ಆಡಳಿತ ಪ್ರದೇಶದಲ್ಲಿ, ಮ್ಯಾಂಚೆಸ್ಟರ್ ನಗರದ ಗಡಿಯಿಂದ ಆಚೆ. ಎದುರಾಳಿಗಳು ಇದನ್ನು ಎತ್ತಿ ಆಡದೆ ಬಿಟ್ಟ ವಾರವಿಲ್ಲ. ವೆಸ್ಟ್ ಹ್ಯಾಮ್ ಹಡಗು ಕಟ್ಟುವ ಕಾರ್ಖಾನೆಯ ತಂಡ. ಆರ್ಸೆನಲ್ 1886ರಲ್ಲಿ ಹುಟ್ಟಿದ್ದು ಥೇಮ್ಸ್ ನದಿಯ ದಕ್ಷಿಣದ ವುಲ್‌ವಿಚ್‌ನಲ್ಲಿ, ಮದ್ದುಗುಂಡು ಕಾರ್ಖಾನೆಯ ಕೆಲಸಗಾರರ ಕೈಯಲ್ಲಿ. ಜನ ಸಾಕಷ್ಟು ಬರುತ್ತಿಲ್ಲವೆಂದು 1913ರಲ್ಲಿ ನದಿ ದಾಟಿ ಉತ್ತರ ಲಂಡನ್ನಿನ ಹೈಬರಿಗೆ ಹೋಯಿತು. ಅಲ್ಲಿ ಮೊದಲೇ ಬೇರೂರಿದ್ದ ಟಾಟೆನ್‌ಹ್ಯಾಮ್‌ನವರಿಗೆ ಹುಟ್ಟಿದ ಸಿಟ್ಟು ಇವತ್ತಿಗೂ ಆರಿಲ್ಲ. ಹಾಗೆಂದು ಹೈಬರಿಯ ಬೀದಿಯಲ್ಲಿ ಬೆಳೆದ ಹುಡುಗನಿಗೆ ‘ಅದು ನಿನ್ನೂರಿನ ತಂಡವಲ್ಲ, ವಲಸೆ ಬಂದದ್ದು’ ಎಂದು ಹೇಳಿ ನೋಡಿ! ಅರ್ಜೆಂಟೀನಾದಲ್ಲಿ ರಿವರ್ ಪ್ಲೇಟ್ ಹುಟ್ಟಿದ್ದು ಬ್ಯೂನಸ್ ಐರಿಸ್‌ನ ಬಂದರು ಬಡಾವಣೆ ಲಾ ಬೋಕಾದಲ್ಲಿ, ಅಂದರೆ ತನ್ನ ಕಡುವೈರಿ ಬೋಕಾ ಜೂನಿಯರ್ಸ್ ಇರುವ ಅದೇ ಜಾಗದಲ್ಲಿ. ಆಮೇಲೆ ಅದು ಉತ್ತರದ ಕಡೆಗೆ ಎದ್ದು ಹೋಯಿತು.

ಊರೇ ಕೈತಪ್ಪಿ ಹೋದವರ ತಂಡಗಳೂ ಇವೆ. ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಹುಟ್ಟಿದ್ದು 1920ರಲ್ಲಿ. ಪೂರ್ವ ಬಂಗಾಳದ ಕಡೆಯವರನ್ನು ಕೀಳಾಗಿ ಕಾಣುತ್ತಾರೆಂಬ ಸಿಟ್ಟು ಅದರ ಹುಟ್ಟಿನ ಹಿಂದಿತ್ತು. 1947ರ ನಂತರ ಗಡಿ ದಾಟಿ ಬಂದ ಲಕ್ಷಾಂತರ ಜನರಿಗೆ ಊರು ಉಳಿಯಲಿಲ್ಲ, ಊರಿನ ಹೆಸರು ಹೊತ್ತ ತಂಡ ಉಳಿಯಿತು. ಅವರು ಬೆಂಬಲಿಸಿದ್ದು ಹುಟ್ಟೂರನ್ನೇ, ಆದರೆ ಆ ಹುಟ್ಟೂರು ಪರದೇಶವಾಗಿಬಿಟ್ಟಿತ್ತು. ಚಿಲಿಯಲ್ಲಿ ಪ್ಯಾಲೆಸ್ಟೀನ್ ವಲಸಿಗರು ಅದೇ 1920ರಲ್ಲಿ ಕಟ್ಟಿದ ಪಾಲೆಸ್ಟೀನೊ ಕ್ಲಬ್ಬಿನದೂ ಇಂಥದೇ ಕಥೆ. ಸ್ಯಾಂಟಿಯಾಗೊದಲ್ಲಿ ಆಡುತ್ತದೆ, ಸಾವಿರಾರು ಮೈಲಿ ಆಚೆಯ ನೆಲದ ಬಣ್ಣ ಉಡುತ್ತದೆ. ಹುಟ್ಟಿದ ಜಾಗದ ಪಿನ್‌ಕೋಡ್ ನೋಡಿ ನಿಷ್ಠೆ ಅಳೆಯುವವರು ಈ ಇಬ್ಬರನ್ನು ಯಾವ ಪಟ್ಟಿಗೆ ಸೇರಿಸುತ್ತಾರೋ ಕೇಳಬೇಕು.

ಇಷ್ಟು ನಿಮ್ಮ ಪರವಾಗಿ. ಈಗ ಗೆಳೆಯರ ಕಡೆಯದು.

ರಾಬರ್ಟ್ ಚಾಲ್ಡೀನಿ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ಎಲ್ಲರೂ ನೆನೆಯುವಂಥದು. ಅದು ನಡೆದದ್ದು ಅಮೆರಿಕನ್ ಫುಟ್‌ಬಾಲ್ ಇಟ್ಟುಕೊಂಡು, ನಮ್ಮ ಫುಟ್‌ಬಾಲ್ ಅಲ್ಲ. ಏಳು ವಿಶ್ವವಿದ್ಯಾಲಯಗಳಲ್ಲಿ ಸೋಮವಾರ ಬೆಳಗ್ಗೆ ತರಗತಿಯಲ್ಲಿ ಎಷ್ಟು ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ತೊಟ್ಟು ಬಂದಿದ್ದಾರೆ ಎಂದು ಸುಮ್ಮನೆ ಎಣಿಸಿದರು. ವಾರಾಂತ್ಯದಲ್ಲಿ ತಂಡ ಗೆದ್ದಿದ್ದರೆ ಅಂಥ ಬಟ್ಟೆ ಹೆಚ್ಚು, ಸೋತಿದ್ದರೆ ಕಡಿಮೆ. ಆಮೇಲೆ ಫೋನ್ ಮಾಡಿ ‘ಆ ಪಂದ್ಯ ಏನಾಯಿತು?’ ಎಂದು ಕೇಳಿದರು. ಗೆದ್ದ ಪಂದ್ಯವಾದರೆ ‘ನಾವು ಗೆದ್ದೆವು’ ಎಂಬ ಉತ್ತರ ಧಾರಾಳ. ಸೋತಿದ್ದಾದರೆ ‘ಅವರು ಸೋತರು’. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಫೋನಿನಲ್ಲಿ ಮೊದಲು ಕೆಲವು ಪ್ರಶ್ನೆ ಕೇಳಿ, ‘ನೀವು ಸರಿಯಾಗಿ ಉತ್ತರಿಸಲಿಲ್ಲ’ ಎಂದು ಕೆಲವರಿಗೆ ಹೇಳಲಾಗಿತ್ತು. ಆ ಮುಖಭಂಗ ಆದವರಲ್ಲೇ ‘ನಾವು ಗೆದ್ದೆವು’ ಎನ್ನುವ ಆತುರ ಹೆಚ್ಚು ಕಂಡಿತು. ತನ್ನ ಕೈಲಿ ಆಗದ್ದನ್ನು ತಂಡದ ಗೆಲುವಿನಿಂದ ತುಂಬಿಕೊಳ್ಳುವುದು!

ಗೆದ್ದೆತ್ತಿನ ಬಾಲ ಹಿಡಿಯುವುದು ಎಂದು ನಾವು ಹೇಳುವುದು ಇದಕ್ಕೇ. ದೂರದ ದೊಡ್ಡ ಕ್ಲಬ್ ಹಿಡಿದವರ ಮೇಲೆ ಈ ಗುಮಾನಿ ಬರುವುದು ಸಹಜ. ಏಕೆಂದರೆ ಆ ಕ್ಲಬ್ಬುಗಳು ಸೋಲುವುದೇ ಕಡಿಮೆ, ಸೋತರೂ ಅವುಗಳ ಸೋಲು ಎಂದರೆ ಎರಡನೇ ಸ್ಥಾನ. ಪರೀಕ್ಷೆಗೆ ಕೂರದವನ ನಿಷ್ಠೆ ಯಾರಿಗೂ ತಿಳಿಯುವುದಿಲ್ಲ, ಅವನಿಗೂ ತಿಳಿಯುವುದಿಲ್ಲ. ಆದ್ದರಿಂದ ನಿಮ್ಮನ್ನೇ ಕೇಳಿಕೊಳ್ಳಿ: ನಿಮ್ಮ ತಂಡ ತೀರಾ ಕೆಟ್ಟದಾಗಿ ಆಡಿದ ಒಂದೆರಡು ಸೀಸನ್ ಇದ್ದೇ ಇರುತ್ತವಲ್ಲ, ಆಗ ನೀವು ಪಂದ್ಯ ನೋಡುತ್ತಿದ್ದಿರಾ? ಮರುದಿನ ಕೆಲಸದ ಜಾಗದಲ್ಲಿ ‘ನಾವು ಸೋತೆವು’ ಎಂದಿರಾ, ‘ಅವರು ಸೋತರು’ ಎಂದಿರಾ? ‘ನಾವು’ ಎಂದಿದ್ದರೆ ಗೆಳೆಯರ ಬಾಯಿ ಮುಚ್ಚಿಸಲು ಅಷ್ಟೇ ಸಾಕು.

ಸೋಲಿನಲ್ಲೂ ಬಿಡದವರು ಹೇಗಿರುತ್ತಾರೆ ಎಂದು ನೋಡಬೇಕಾದರೆ ಸಂಡರ್‌ಲ್ಯಾಂಡ್ ಕಡೆ ನೋಡಿ. 2017ರಲ್ಲಿ ಇಂಗ್ಲೆಂಡಿನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗಿನಿಂದ ಇಳಿಯಿತು, ಮರುವರ್ಷ ಇನ್ನೊಂದು ಮೆಟ್ಟಿಲು ಇಳಿದು ಮೂರನೇ ದರ್ಜೆಗೆ ಬಿತ್ತು. ಅಲ್ಲಿನ ಮೊದಲ ಸೀಸನ್‌ನಲ್ಲೇ ತವರಿನ ಪಂದ್ಯಗಳಿಗೆ ಸರಾಸರಿ 30,000ಕ್ಕೂ ಹೆಚ್ಚು ಜನ ಬಂದರು. ಮತ್ತೆ ಪ್ರೀಮಿಯರ್ ಲೀಗ್ ಮುಟ್ಟಿದ್ದು 2025ರಲ್ಲಿ. ನೇಪಲ್ಸ್ ನಗರದ ಕ್ಲಬ್ ನಾಪೊಲಿ 2004ರಲ್ಲಿ ದಿವಾಳಿಯಾಗಿ ಇಟಲಿಯ ಮೂರನೇ ದರ್ಜೆಗೆ ಹೋದಾಗಲೂ ಸ್ಟ್ಯಾಂಡು ತುಂಬುತ್ತಿತ್ತು. ಆಗ ಬಂದವರು 2023ರಲ್ಲಿ, 33 ವರ್ಷಗಳ ಬಳಿಕ ಲೀಗ್ ಗೆದ್ದಾಗ ಬೀದಿಗಿಳಿದ ರೀತಿ ನೋಡಿದರೆ ಗೊತ್ತಾಗುತ್ತದೆ. ಆ ಸಂಭ್ರಮ ದುಡ್ಡಿಗೆ ಸಿಗುವಂಥದಲ್ಲ, ಅದರ ಬೆಲೆಯನ್ನು ಅವರು ಮೊದಲೇ ತೆತ್ತಿದ್ದರು.

ಆದರೆ ಹುಟ್ಟೂರಿನ ತಂಡದ ಪರವಾಗಿ ನಾನು ಹೂಡುವ ವಾದ ನಿಷ್ಠೆಯದ್ದೇ ಅಲ್ಲ. ಲೆಕ್ಕದ್ದು. ದೊಡ್ಡ ಕ್ಲಬ್ಬಿಗೆ ನೀವು ಕೋಟಿಯಲ್ಲಿ ಒಬ್ಬರು. ನಾಳೆ ನೀವು ಬಿಟ್ಟರೂ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಎರಡು ಸಾವಿರ ಜನ ಬರುವ ಕ್ಲಬ್ಬಿನಲ್ಲಿ ನೀವು ಎರಡು ಸಾವಿರದಲ್ಲಿ ಒಬ್ಬರು. ನಿಮ್ಮ ಟಿಕೆಟ್ ಅಲ್ಲಿ ಯಾರದೋ ಸಂಬಳದ ಒಂದು ಭಾಗ, ನಿಮ್ಮ ಕೂಗು ಮೈದಾನದಲ್ಲಿರುವವನ ಕಿವಿಗೆ ನಿಜಕ್ಕೂ ಬೀಳುತ್ತದೆ. ನೀವು ಬರದಿದ್ದರೆ ಖಾಲಿ ಕುರ್ಚಿ ಕಾಣುತ್ತದೆ.

ಬರಿ ಎಂಬ ಕ್ಲಬ್ಬಿನ ಕಥೆ ನಿಮಗೆ ಹೇಳಲೇಬೇಕು. ಮ್ಯಾಂಚೆಸ್ಟರ್‌ನ ಉತ್ತರಕ್ಕೆ ಇರುವ ಸಣ್ಣ ಪಟ್ಟಣ ಅದು. ಅತ್ತ ಯುನೈಟೆಡ್, ಇತ್ತ ಸಿಟಿ. ಜಗತ್ತಿನ ಎರಡು ಶ್ರೀಮಂತ ಕ್ಲಬ್ಬುಗಳ ನೆರಳಿನಲ್ಲಿ 1885ರಿಂದ ಬದುಕಿದ ತಂಡ. ಇಂಗ್ಲೆಂಡಿನ ಹಳೆಯ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್ ಎರಡು ಸಲ ಗೆದ್ದಿತ್ತು, 1900ರಲ್ಲಿ ಮತ್ತು 1903ರಲ್ಲಿ. ಎರಡನೆಯ ಸಲ ಡರ್ಬಿ ಕೌಂಟಿಯನ್ನು ಸೋಲಿಸಿದ್ದು 6–0ಯಿಂದ. ಕಪ್ ಫೈನಲ್ ಒಂದರಲ್ಲಿ ಅಷ್ಟು ಅಂತರದ ಗೆಲುವು ಆಮೇಲೆ 116 ವರ್ಷ ಯಾರಿಗೂ ಸಿಗಲಿಲ್ಲ. ಕೊನೆಗೆ ಅದನ್ನು ಸರಿಗಟ್ಟಿದ್ದು 2019ರ ಮೇ ತಿಂಗಳಲ್ಲಿ, ಪಕ್ಕದ ಊರಿನ ಮ್ಯಾಂಚೆಸ್ಟರ್ ಸಿಟಿ. ಅದೇ ಮೇ ತಿಂಗಳ ಹೊತ್ತಿಗೆ ಬರಿ ಕೂಡ ನಾಲ್ಕನೇ ದರ್ಜೆಯಿಂದ ಮೂರಕ್ಕೆ ಬಡ್ತಿ ಪಡೆದಿತ್ತು. ಮೈದಾನದಲ್ಲಿ ಗೆಲುವು, ಕಚೇರಿಯಲ್ಲಿ ಸಾಲ. ಆಟಗಾರರಿಗೆ ಸಂಬಳವಿಲ್ಲ. ಹಿಂದಿನ ಡಿಸೆಂಬರಿನಲ್ಲಿ ಕ್ಲಬ್ ಮಾರಾಟವಾಗಿದ್ದು 1 ಪೌಂಡಿಗೆ.

ಆಗಸ್ಟ್ ಬಂತು, ಸೀಸನ್ ಶುರುವಾಯಿತು, ಬರಿಯ ಪಂದ್ಯಗಳು ಒಂದರ ಹಿಂದೊಂದು ಮುಂದಕ್ಕೆ ಹೋದವು. ಸಾಲ ತೀರಿಸುವ ದಾರಿ ತೋರಿಸಿ ಎಂದು ಲೀಗ್ ಗಡುವು ಕೊಟ್ಟಿತು. ಕ್ಲಬ್ಬಿನ ಮಾಜಿ ನಿರ್ದೇಶಕಿಯೊಬ್ಬರು ಸ್ಟೇಡಿಯಂನ ನೀರಿನ ಕೊಳವೆಗೆ ತಮ್ಮನ್ನು ಕೈಕೋಳದಿಂದ ಬಿಗಿದುಕೊಂಡು ನಿಂತರು. ಆಗಸ್ಟ್ 27ರಂದು ಹೊಸ ಖರೀದಿದಾರ ಸಿಕ್ಕೇ ಬಿಟ್ಟ ಎಂಬ ಸುದ್ದಿಯ ಮೇಲೆ ನೂರಾರು ಜನ ಗಿಗ್ ಲೇನ್ ಮೈದಾನಕ್ಕೆ ಬಂದರು. ಬರುವಾಗ ಪೊರಕೆ, ಬಕೆಟ್ಟು, ಒರೆಸುವ ಬಟ್ಟೆ ತಂದಿದ್ದರು. ಶನಿವಾರ ಪಂದ್ಯ ನಡೆಯಬೇಕಲ್ಲ, ಕುರ್ಚಿ ಒರೆಸಬೇಕು, ಕಳೆ ಕೀಳಬೇಕು. ಅವರು ಗುಡಿಸುತ್ತಿದ್ದ ಹಾಗೆಯೇ ಖರೀದಿಯ ಮಾತು ಮುರಿದುಬಿತ್ತು. ಅಂದು ರಾತ್ರಿ ಲೀಗ್ ಬರಿಯನ್ನು ಹೊರಹಾಕಿತು. 1894ರಿಂದ, ಅಂದರೆ 125 ವರ್ಷ ಇದ್ದ ಸದಸ್ಯತ್ವ ಒಂದು ಸಂಜೆಗೆ ಮುಗಿಯಿತು.

ತಪ್ಪು ಅಭಿಮಾನಿಗಳದ್ದಲ್ಲ, ಮಾಲೀಕತ್ವದ್ದು ಮತ್ತು ಕಣ್ಣುಮುಚ್ಚಿ ಕೂತ ನಿಯಮಗಳದ್ದು. ಆದರೂ ಒಂದು ಮಾತು ಒಪ್ಪಲೇಬೇಕು. ಹಿತ್ತಲ ಗಿಡ ಮದ್ದಲ್ಲ ಎಂದು ಆ ಪಟ್ಟಣದ ಎಷ್ಟೋ ಜನ ಶನಿವಾರ ಹಾದಿ ಹಿಡಿಯುತ್ತಿದ್ದದ್ದು ಮ್ಯಾಂಚೆಸ್ಟರ್ ಕಡೆಗೆ. ಕ್ಲಬ್ ಹೋದ ಮೇಲೆ ಅದನ್ನು ಮತ್ತೆ ಕಟ್ಟಿದವರು ಹಳೆಯ ಸ್ಟ್ಯಾಂಡಿನವರೇ. ಹೊಸ ತಂಡ ಮಾಡಿ ಲೀಗ್ ಏಣಿಯ ತಳದಿಂದ, ಬೇರೆಯವರ ಮೈದಾನದಲ್ಲಿ ಆಡಿದರು. ಹಳೆಯ ಮೈದಾನ ಉಳಿಸಿಕೊಂಡಿದ್ದ ಗುಂಪಿಗೂ ಹೊಸ ತಂಡದ ಗುಂಪಿಗೂ ತಿಕ್ಕಾಟ ನಡೆಯಿತು, ಒಂದಾಗುವ ಮೊದಲ ಮತದಾನ ಬಿದ್ದುಹೋಯಿತು. ಕೊನೆಗೆ 2023ರಲ್ಲಿ ಒಂದಾಗಿ ಗಿಗ್ ಲೇನ್‌ಗೆ ಮರಳಿದರು. ಅಭಿಮಾನಿಗಳೆಂದರೆ ಒಂದೇ ಕುಟುಂಬ ಎಂಬ ಜಾಹೀರಾತಿನ ಮಾತು ನಂಬಬೇಡಿ, ಒಳಜಗಳವೂ ಕುಟುಂಬದಷ್ಟೇ ಇರುತ್ತದೆ.

ಬರ್ಲಿನ್ನಿನ ಪೂರ್ವ ಭಾಗದ ಯೂನಿಯನ್ ಕ್ಲಬ್ಬಿನದು ಇದರ ಇನ್ನೊಂದು ಮುಖ. ಸ್ಟೇಡಿಯಂ ಹಾಳುಬಿದ್ದಿತ್ತು, ರಿಪೇರಿಗೆ ದುಡ್ಡಿರಲಿಲ್ಲ. 2008–09ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕಿಳಿದರು. ಕಾಂಕ್ರೀಟ್ ಹಾಕಿದರು, ಕಂಬಿ ಬಗ್ಗಿಸಿದರು, ಸುಮಾರು 1,40,000 ಗಂಟೆಗಳ ಬಿಟ್ಟಿ ದುಡಿಮೆ. ಆ ಸ್ಟ್ಯಾಂಡಿನಲ್ಲಿ ನಿಂತವನು ತಾನೇ ಹಾಕಿದ ಮೆಟ್ಟಿಲ ಮೇಲೆ ನಿಂತಿರುತ್ತಾನೆ. 2019ರಲ್ಲಿ ಕ್ಲಬ್ ಮೊದಲ ಸಲ ಜರ್ಮನಿಯ ಅಗ್ರ ದರ್ಜೆಯಾದ ಬುಂಡೆಸ್‌ಲಿಗಾಕ್ಕೆ ಏರಿತು. ಮೊದಲ ಪಂದ್ಯದ ದಿನ ಜನ ಕೈಯಲ್ಲಿ ದೊಡ್ಡ ದೊಡ್ಡ ಫೋಟೊ ಹಿಡಿದು ಬಂದಿದ್ದರು. ಈ ದಿನ ನೋಡದೆ ತೀರಿಹೋದ ಅಪ್ಪ, ಅಜ್ಜ, ಗೆಳೆಯರ ಫೋಟೊ. ಪಂದ್ಯವನ್ನು ಲೈಪ್‌ಜಿಗ್ ಎದುರು 0–4ರಿಂದ ಸೋತರು, ಅದು ಬೇರೆ ಮಾತು.

ನಿಮ್ಮ ದೂರದ ಕ್ಲಬ್ ನಿಮಗೆ ಇಂಥದ್ದನ್ನು ಕೊಡಲಾರದು. ಅದು ಕೆಟ್ಟದ್ದೆಂದಲ್ಲ, ಅದಕ್ಕೆ ನಿಮ್ಮ ಕೈಯ ಅಗತ್ಯವಿಲ್ಲ.

ತಂಡ ಬದಲಿಸುವ ಮಾತಿಗೆ ಬರೋಣ. ಆಟಗಾರರು ಬದಲಿಸುತ್ತಾರೆ, ಅದು ಅವರ ಹೊಟ್ಟೆಪಾಡು. ಲಿವರ್‌ಪೂಲ್ ಬಿಟ್ಟು ಬೇರೆಲ್ಲೂ ಆಡದ ಜೇಮಿ ಕ್ಯಾರಗರ್ ಬಾಲ್ಯದಲ್ಲಿ ಅದೇ ಊರಿನ ಎದುರಾಳಿ ಎವರ್ಟನ್ನಿನ ಕಟ್ಟಾ ಅಭಿಮಾನಿಯಾಗಿದ್ದವರು! ಆದರೆ ಅವರ ಹಾಗೆ ನಮ್ಮನ್ನು ಯಾರೂ ಸಹಿ ಹಾಕಿಸಿ ಕರೆದೊಯ್ಯುವುದಿಲ್ಲ. ಅಭಿಮಾನಿ ಪಾಪಪ್ರಜ್ಞೆಯಿಂದ ತಂಡ ಬದಲಿಸಿದರೆ ಹೊಸ ತಂಡದ ಗೋಲಿಗೆ ಎದ್ದು ಚಪ್ಪಾಳೆ ತಟ್ಟುತ್ತಾನೆ, ಎದೆ ಮಾತ್ರ ಹಳೆಯ ತಂಡದ ಸ್ಕೋರು ಕೇಳುತ್ತಿರುತ್ತದೆ. ಅದಕ್ಕೇ ಬದಲಿಸಬೇಡಿ ಎಂದೆ.

ಬಿಡಲು ನಿಜವಾದ ಕಾರಣ ಒಂದೇ, ಕ್ಲಬ್ಬೇ ನಿಮ್ಮನ್ನು ಬಿಟ್ಟಾಗ. ಲಂಡನ್ನಿನ ವಿಂಬಲ್ಡನ್ ಎಫ್‌ಸಿ 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್‌ಎ ಕಪ್ ಗೆದ್ದ ತಂಡ. ಅದನ್ನು ಸುಮಾರು 90 ಕಿ.ಮೀ. ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು 2002ರ ಮೇ ತಿಂಗಳಲ್ಲಿ ಒಂದು ಆಯೋಗ ಒಪ್ಪಿಗೆ ಕೊಟ್ಟಿತು. ಅಭಿಮಾನಿಗಳು ಹೊಸ ಕ್ಲಬ್ ಕಟ್ಟಿಕೊಳ್ಳುವುದು ಫುಟ್‌ಬಾಲ್‌ನ ವಿಶಾಲ ಹಿತಕ್ಕೆ ಪೂರಕವಲ್ಲ ಎಂಬ ಷರಾ ಬೇರೆ ಬರೆಯಿತು. ಅಭಿಮಾನಿಗಳು ಆ ಷರಾ ಓದಿದ ವಾರಗಳಲ್ಲೇ ವಿಂಬಲ್ಡನ್ ಕಾಮನ್ ಎಂಬ ಬಯಲಿನಲ್ಲಿ ಬಹಿರಂಗ ಆಯ್ಕೆ ಶಿಬಿರ ನಡೆಸಿದರು, ಯಾರು ಬೇಕಾದರೂ ಬಂದು ಆಡಿ ತೋರಿಸಬಹುದಿತ್ತು. ಹಾಗೆ ಹುಟ್ಟಿದ ಎಎಫ್‌ಸಿ ವಿಂಬಲ್ಡನ್ ಒಂಬತ್ತನೇ ದರ್ಜೆಯಿಂದ ಶುರುವಾಗಿ 2011ರಲ್ಲಿ ಫುಟ್‌ಬಾಲ್ ಲೀಗ್ ಸೇರಿತು, 2020ರ ನವೆಂಬರಿನಲ್ಲಿ ತನ್ನ ಹಳೆಯ ಬೀದಿ ಪ್ಲೋ ಲೇನ್‌ಗೆ ಮರಳಿತು. ಇಲ್ಲಿ ತಂಡ ಬದಲಿಸಿದವರು ಯಾರು ಹೇಳಿ?

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ 2005ರಲ್ಲಿ ರೆಡ್ ಬುಲ್ ಕಂಪನಿ ಕ್ಲಬ್ಬನ್ನು ಕೊಂಡು ನೇರಳೆ-ಬಿಳಿ ಬಣ್ಣವನ್ನು ಕೆಂಪು-ಬಿಳಿ ಮಾಡಿತು. ಅಭಿಮಾನಿಗಳು ಗಲಾಟೆ ಮಾಡಿದಾಗ, ಬೇಕಾದರೆ ಗೋಲ್‌ಕೀಪರ್‌ನ ಕಾಲುಚೀಲ ನೇರಳೆ ಇರಲಿ ಎಂಬ ರಾಜಿಸೂತ್ರ ಬಂತಂತೆ. ಅವರು ಎದ್ದುಹೋಗಿ ಹಳೆಯ ಹೆಸರು, ಹಳೆಯ ಬಣ್ಣದ ಕ್ಲಬ್ ಕಟ್ಟಿದರು. ಕಾರ್ಡಿಫ್ ಸಿಟಿಯ ಮಾಲೀಕರು 2012ರಲ್ಲಿ ನೀಲಿ ಜರ್ಸಿಯನ್ನು ಕೆಂಪು ಮಾಡಿ, 2015ರ ಜನವರಿಯಲ್ಲಿ ಅಭಿಮಾನಿಗಳ ಒತ್ತಡಕ್ಕೆ ಮಣಿದು ನೀಲಿಗೇ ಮರಳಿದರು. 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ದೊಡ್ಡ ಕ್ಲಬ್ಬುಗಳು ಸೇರಿ ತಮ್ಮದೇ ಪ್ರತ್ಯೇಕ ಸೂಪರ್ ಲೀಗ್ ಘೋಷಿಸಿದಾಗ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಎರಡೇ ದಿನದಲ್ಲಿ ಹಿಂದೆ ಸರಿದವು. ಸ್ಟೇಡಿಯಂ ಮುಂದೆ ರಸ್ತೆ ತಡೆದು ನಿಂತವರು ಬಹುಪಾಲು ಆ ಊರಿನವರೇ, ದೂರದವರು ದನಿ ಸೇರಿಸಿದರು. ಕ್ಲಬ್ಬಿಗೆ ನಿಷ್ಠರಾಗಿರುವುದಕ್ಕೂ ಮಾಲೀಕ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಕ್ಕೂ ಸಂಬಂಧವಿಲ್ಲ. ಜರ್ಮನಿಯವರು ಇದನ್ನು ನಿಯಮದಲ್ಲೇ ಬರೆದಿಟ್ಟಿದ್ದಾರೆ: ಕೆಲವು ವಿನಾಯಿತಿ ಬಿಟ್ಟರೆ ಕ್ಲಬ್ಬಿನ ಮತಾಧಿಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕು. ನಿಮ್ಮೂರಿನ ಕ್ಲಬ್ಬಿನಲ್ಲಿ ಸದಸ್ಯತ್ವ ಇದೆಯೇ ಕೇಳಿ ನೋಡಿ. ಇದ್ದರೆ ಜರ್ಸಿಗಿಂತ ಮೊದಲು ಅದಕ್ಕೆ ಹಣ ಕಟ್ಟಿ.

ಎರಡು ತಂಡ ಇಟ್ಟುಕೊಳ್ಳಬಹುದೇ? ಧಾರಾಳವಾಗಿ. ರಿಚರ್ಡ್ ಜೂಲಿಯನೋಟಿ ಎಂಬ ಸಮಾಜಶಾಸ್ತ್ರಜ್ಞ 2002ರಲ್ಲಿ ಪ್ರೇಕ್ಷಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಊರು-ಮೈದಾನಕ್ಕೆ ಬೇರುಬಿಟ್ಟ ಬೆಂಬಲಿಗ ಒಂದು ತುದಿ, ಇವತ್ತು ಈ ಅಂಗಡಿ ನಾಳೆ ಆ ಅಂಗಡಿ ಎಂದು ಸುತ್ತುವವನು ಇನ್ನೊಂದು ತುದಿ. ನಡುವೆ ದೂರದಿಂದ ಹಿಂಬಾಲಿಸುವವರು, ತಾರೆಗಳಿಗಾಗಿ ನೋಡುವವರು. ನನಗೆ ಅನ್ನಿಸುವುದು, ಒಬ್ಬನೇ ಮನುಷ್ಯ ಬೇರೆ ಬೇರೆ ಕ್ಲಬ್ಬಿಗೆ ಬೇರೆ ಬೇರೆ ಬಗೆಯವನಾಗಿರಬಹುದು. ದೂರದ ಕ್ಲಬ್ಬಿಗೆ ಹಿಂಬಾಲಕ, ಊರಿನ ಕ್ಲಬ್ಬಿಗೆ ಬೆಂಬಲಿಗ. ಒಂದನ್ನು ಟಿವಿಯಲ್ಲಿ ನೋಡುತ್ತೀರಿ, ಇನ್ನೊಂದಕ್ಕೆ ಮೈಕೈ ನೆನೆಸಿಕೊಂಡು ಹೋಗುತ್ತೀರಿ. ಜಗಳ ಬರುವುದು ಎರಡೂ ಎದುರುಬದುರಾದಾಗ ಮಾತ್ರ. ಆ ದಿನ ತೀರ್ಮಾನ ನಿಮ್ಮ ಕೈಯಲ್ಲಿರುವುದಿಲ್ಲ, ಮೊದಲ ಗೋಲು ಬಿದ್ದ ಕ್ಷಣ ನಿಮ್ಮ ಮೈ ತಾನೇ ಹೇಳುತ್ತದೆ.

1990ರ ಜುಲೈ 3ರಂದು ಇಡೀ ನೇಪಲ್ಸ್ ನಗರಕ್ಕೆ ಇದೇ ಫಜೀತಿ ಬಂದಿತ್ತು. ವಿಶ್ವಕಪ್ ಸೆಮಿಫೈನಲ್, ಇಟಲಿ ಎದುರು ಅರ್ಜೆಂಟೀನಾ, ನಡೆಯುವುದು ನಾಪೊಲಿಯ ಮೈದಾನದಲ್ಲೇ. ಆ ಊರಿಗೆ ಎರಡು ಲೀಗ್ ಪ್ರಶಸ್ತಿ ತಂದುಕೊಟ್ಟ ಮರಡೋನಾ ಅರ್ಜೆಂಟೀನಾದ ನಾಯಕ. ಉತ್ತರದವರು ವರ್ಷವಿಡೀ ನಿಮ್ಮನ್ನು ತುಚ್ಛವಾಗಿ ಕಂಡು ಇವತ್ತೊಂದು ದಿನ ಇಟಾಲಿಯನ್ನರಾಗಿ ಎನ್ನುತ್ತಿದ್ದಾರೆ ಎಂದು ಮರಡೋನಾ ಊರಿನವರನ್ನು ಕೆಣಕಿದರು. ಸ್ಟ್ಯಾಂಡಿನಲ್ಲಿ ಬಂದ ಬ್ಯಾನರಿನ ತಾತ್ಪರ್ಯ ಇಷ್ಟು: ಮರಡೋನಾ, ನೇಪಲ್ಸ್ ನಿನ್ನನ್ನು ಪ್ರೀತಿಸುತ್ತದೆ, ಆದರೆ ಇಟಲಿ ನಮ್ಮ ದೇಶ. ಪಂದ್ಯ 1–1, ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಗೆದ್ದಿತು. ಉಳಿದ ಊರುಗಳಲ್ಲಿ ಅರ್ಜೆಂಟೀನಾದ ರಾಷ್ಟ್ರಗೀತೆಗೇ ಕೂಗಾಟ ನಡೆದ ಆ ಬೇಸಿಗೆಯಲ್ಲಿ ಇಲ್ಲಿ ಮಾತ್ರ ಚಪ್ಪಾಳೆ ಬಿತ್ತು. ಎರಡು ನಿಷ್ಠೆ ಒಟ್ಟಿಗೆ ಬಾಳಲಾರವು ಎನ್ನುವವರಿಗೆ ಆ ಸ್ಟ್ಯಾಂಡು ಸಾಕ್ಷಿ.

ಗೆಳೆಯರ ಛೇಡಿಕೆಗೂ ಒಂದು ಪ್ರಯೋಗ ಇದೆ. ಮಾರ್ಕ್ ಲೆವೀನ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ್ದು. ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳನ್ನು ಕರೆಸಿ, ಅವರ ತಂಡಪ್ರೇಮದ ಬಗ್ಗೆ ಪ್ರಶ್ನೆ ಕೇಳಿ, ಪಕ್ಕದ ಕಟ್ಟಡಕ್ಕೆ ಹೋಗಿ ಎಂದು ಕಳಿಸಿದರು. ದಾರಿಯಲ್ಲಿ ಓಡಿಬಂದವನೊಬ್ಬ ಎಡವಿ ಬಿದ್ದು ಕಾಲಿನ ಗಿಣ್ಣು ಹಿಡಿದು ನರಳುತ್ತಾನೆ, ಅದು ನಾಟಕ. ಅವನ ಮೈಮೇಲೆ ಯುನೈಟೆಡ್ ಜರ್ಸಿ ಇದ್ದಾಗ ಹೆಚ್ಚುಕಡಿಮೆ ಎಲ್ಲರೂ ನಿಂತು ಎಬ್ಬಿಸಿದರು. ಲಿವರ್‌ಪೂಲ್ ಜರ್ಸಿಯಾದರೆ ಹೆಚ್ಚಿನವರು ದಾಟಿ ಹೋದರು. ಎರಡನೇ ಸುತ್ತಿನಲ್ಲಿ ಪ್ರಶ್ನೆ ಬದಲಿಸಿದರು, ನಿಮ್ಮ ತಂಡದ ಬಗ್ಗೆ ಅಲ್ಲ, ಫುಟ್‌ಬಾಲ್ ಅಭಿಮಾನಿಯಾಗಿರುವುದರ ಬಗ್ಗೆ ಹೇಳಿ ಎಂದು. ಅಷ್ಟಕ್ಕೇ ಲಿವರ್‌ಪೂಲ್ ಜರ್ಸಿಯವನಿಗೂ ಕೈ ಸಿಕ್ಕಿತು. ಯಾವ ತಂಡದ ಜರ್ಸಿಯೂ ಇಲ್ಲದೆ ಸಾದಾ ಅಂಗಿ ತೊಟ್ಟವನು ಹೆಚ್ಚಿನ ಸಲ ಬಿದ್ದಲ್ಲೇ ನರಳಿದ, ಅದು ಹೊಟ್ಟೆ ಉರಿಸುವ ಭಾಗ. ನಿಮ್ಮ ಗೆಳೆಯರೊಂದಿಗೆ ‘ಯಾರು ಅಸಲಿ’ ಎಂಬ ವಾದ ಹೂಡುವ ಬದಲು ಒಂದು ಶನಿವಾರ ಅವರೊಡನೆ ಊರಿನ ಸ್ಟ್ಯಾಂಡಿನಲ್ಲಿ ಕೂತು ಬನ್ನಿ. ಮಾತಿನ ವರಸೆಯೇ ಬೇರೆಯಾಗುತ್ತದೆ.

ಹೋಗುವಾಗ ಒಂದೆರಡು ಸಲಹೆ. ದೊಡ್ಡ ಎದುರಾಳಿ ಬರುವ ದಿನ ಬೇಡ. ಸಾದಾ ಪಂದ್ಯ ಆರಿಸಿ, ಅಪ್ಪನ ಜೊತೆ ಹೋಗಿ, ಅವರು ಕೂರುವ ಜಾಗದಲ್ಲೇ ಕೂರಿ. ಹೊಸ ಜರ್ಸಿ ತೊಟ್ಟು ಮೊದಲ ದಿನವೇ ಕಟ್ಟಾ ಅಭಿಮಾನಿಯ ಸೋಗು ಹಾಕಬೇಡಿ. ಆಟದ ಮಟ್ಟ ನೀವು ಟಿವಿಯಲ್ಲಿ ನೋಡುವುದಕ್ಕಿಂತ ಕೆಳಗಿರುತ್ತದೆ, ಪಾಸು ತಪ್ಪುತ್ತದೆ, ಚೆಂಡು ಸ್ಟ್ಯಾಂಡಿಗೆ ಬರುತ್ತದೆ. ಆದರೆ ಒದ್ದ ಸದ್ದು ಕೇಳುತ್ತದೆ, ಡಿಫೆಂಡರ್ ಬೈದದ್ದು ಕೇಳುತ್ತದೆ, ಅಪ್ಪನ ಪಕ್ಕದಲ್ಲಿ ವರ್ಷಗಟ್ಟಲೆ ಕೂತವರ ಹೆಸರು ಗೊತ್ತಾಗುತ್ತದೆ. ಒಂದು ಪಂದ್ಯಕ್ಕೆ ಏನೂ ಅನ್ನಿಸದಿದ್ದರೆ ಗಾಬರಿ ಬೇಡ. ಈ ಬಗೆಯ ಅಂಟು ಹಿಡಿಯುವುದು ಬೇಸರದ ಡ್ರಾಗಳಲ್ಲಿ, ಹ್ಯಾಟ್ರಿಕ್ಕುಗಳಲ್ಲಿ ಅಲ್ಲ.

ಕೊನೆಯದು ಮಗನ ಜರ್ಸಿ. ಏಳು ವರ್ಷ ಎಂದಿರಿ, ಅಂದರೆ ಹೊತ್ತು ಹತ್ತಿರ ಬಂದಿದೆ. ಯಾವ ಜರ್ಸಿಯನ್ನೂ ಈಗಲೇ ಕೊಡಿಸಬೇಡಿ. ಊರಿನ ಮೈದಾನಕ್ಕೆ ಅಜ್ಜನ ಜೊತೆ ಕಳಿಸಿ, ನಿಮ್ಮ ತಂಡದ ಪಂದ್ಯಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ಅವನಾಗಿಯೇ ಒಂದು ಬಣ್ಣ ಕೇಳುತ್ತಾನೆ, ಆಗ ಅದನ್ನೇ ಕೊಡಿಸಿ. ಅದು ನಿಮ್ಮ ತಂಡದ ಎದುರಾಳಿಯದಾಗಿದ್ದರೂ ದುಡ್ಡು ಕೊಡಬೇಕಾದವರು ನೀವೇ. ನಿಮ್ಮ ಅಪ್ಪನಿಗೆ ಇಪ್ಪತ್ತೈದು ವರ್ಷದ ಹಿಂದೆ ಹೇಗನ್ನಿಸಿರಬಹುದು ಎಂದು ಅವರನ್ನೇ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.